ಅವರ ಕಡೆ ಕುಳಿತ ಅವ್ವನಿಗೆ

ನನ್ನ ಅವ್ವಾ,

ಪತ್ರ ಬರೆಯುವಷ್ಟು ದೂರದಲ್ಲಿ ನೀನಿಲ್ಲ. ಫೋನ್ ಮಾಡಿದರೆ ಎತ್ತುತ್ತೀ. ಆದರೆ ನಾನು ಮಾತಿಗೆ ಮೊದಲಿಡುವಷ್ಟರಲ್ಲಿ "ಏ, ಕುರಿ ಕಬ್ಬಿನಾಗ ಹೊಕ್ಕಾವ, ಇಡತೇನಿ" ಎಂದು ಇಟ್ಟುಬಿಡುತ್ತೀ. ಚಿಕ್ಕೋಡಿಯ ಆಟ ಮುಗಿದ ಮೇಲೆ ನಾನು ಎಷ್ಟು ಸಲ ಆ ಮಾತೆತ್ತಿದ್ದೇನೋ ಅಷ್ಟು ಸಲವೂ ನಿನ್ನ ಕುರಿಗಳು ಕಬ್ಬಿಗೆ ಹೊಕ್ಕಿವೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಸೊಸೆ, ವೈನಿ ಸಾವಿತ್ರೆವ್ವ, ಪಾಲಬಾವಿಯಿಂದ ಹಿಂಡಿಗೆ ಬುತ್ತಿ ತರುವಾಗ ಇದನ್ನೂ ತರುತ್ತಾಳೆ, ನಿನ್ನ ಮುಂದೆ ಕುಳಿತು ಓದುತ್ತಾಳೆ. ವೈನಿ, ಮುಜುಗರದ ಮಾತು ಬಂದಲ್ಲಿ ಹಾರಿಸಬೇಡ. ಎಲ್ಲವನ್ನೂ ಓದು.

ಅವ್ವಾ, ಆ ದಿನ ನೀನು ನೋಡಿದ್ದು ನಿನಗೆ ಗೊತ್ತು. ಅಂಗಳದ ಒಳಗಿನಿಂದ ನನಗೆ ಕಂಡದ್ದು ಬೇರೆ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

ಹೋದ ವರ್ಷ ಹುಡುಗಿಯರ ಕಬಡ್ಡಿ ಫೈನಲ್ ನಮ್ಮ ರಾಯಬಾಗದಲ್ಲೇ ನಡೆಯಿತು. ಎದುರಿಗೆ ಚಿಕ್ಕೋಡಿಯ ಹೊಂಬೆಳಗು ಕಾಲೇಜು. ಅವರು ಗೆದ್ದರು. ಸಂಜೆ ಅವರ ಬಸ್ಸು ಊರು ದಾಟುವ ಮೊದಲೇ ಅದರ ಹಿಂದಿನ ಗಾಜು ಪುಡಿಯಾಗಿತ್ತು. ಹೊಡೆದೆನೆಂದು ಯಾರೂ ಒಪ್ಪಲಿಲ್ಲ. ಕಲ್ಲು ಮಾತ್ರ ರಾಯಬಾಗದ್ದು. ಅಂದಿನಿಂದ ಎರಡೂ ಕಾಲೇಜಿನ ಹುಡುಗರು ಮೊಬೈಲಿನಲ್ಲಿ ದಿನವೂ ಬೈದಾಡಿಕೊಂಡು ವರ್ಷವನ್ನು ಕಳೆದರು. ನಮ್ಮವರೇನೂ ಸಾಧುಗಳಲ್ಲ. ಹೊಂಬೆಳಗಿನ ಕ್ಯಾಪ್ಟನ್ ಸೋನಾಲಿ ಕಬ್ಬಿನ ಹೊಲದವರ ಮಗಳು, ಮೈಕಟ್ಟು ದೊಡ್ಡದು. ಅವಳು ಅಂಗಳಕ್ಕಿಳಿದರೆ ಸಾಕು, ನಮ್ಮ ಹುಡುಗರು "ಟ್ರ್ಯಾಕ್ಟರ್ ಬಂತು, ದಾರಿ ಬಿಡ್ರಿ" ಎಂದು ಕೂಗುತ್ತಿದ್ದರು. ಆ ಕೂಗಿಗೆ ಮುಂದಾಳು ಬೇರೆ ಯಾರೂ ಅಲ್ಲ, ನಿನ್ನ ಅಣ್ಣನ ಮಗ ಮಾಳೇಶ. ನಮ್ಮ ಕಾಲೇಜಿನ ಕೆಂಪು ಬಾವುಟ ಹಿಡಿದು ಅವನು ಮುಂದೆ ನಿಂತರೆ ಅವನ ಹಿಂದೆ ಇಡೀ ಕಾಲೇಜೇ ನಿಂತಂತೆ.

ಅವರಿಗೂ ನನ್ನದೊಂದು ಸಿಕ್ಕಿತು. ದೀಪಾವಳಿಯ ರಜೆಯಲ್ಲಿ ನಿನ್ನ ಜೊತೆ ಹಿಂಡಿಗೆ ಬಂದಿದ್ದೆನಲ್ಲ, ಆಗ ಹೊಸದಾಗಿ ಹುಟ್ಟಿದ ಮರಿಯನ್ನು ಹೆಗಲ ಮೇಲೆ ಹೊತ್ತು ಒಂದು ಫೋಟೊ ತೆಗೆಸಿಕೊಂಡಿದ್ದೆ. ನನಗೆ ಅದು ಬಹಳ ಹಿಡಿಸಿತ್ತು, ಮೊಬೈಲಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದೆ. ಹೊಂಬೆಳಗಿನ ಹುಡುಗರಿಗೂ ಕಂಡಿತು. ಈ ವರ್ಷ ನಿಪ್ಪಾಣಿಯಲ್ಲಿ ಸೆಮಿಫೈನಲ್ ಆಡುವಾಗ ಅವರಲ್ಲಿ ಒಂದಿಷ್ಟು ಜನ ಬಂದು ಹಿಂದೆ ಕುಳಿತಿದ್ದರು. ನಾನು ರೈಡಿಗೆ ಎದ್ದೆ. "ಬ್ಯಾ... ಬ್ಯಾ..." ಎಂದು ಕುರಿಯ ಹಾಗೆ ಕೂಗಿದರು. ಎಲ್ಲರೂ ನಕ್ಕರು. ನನ್ನ ತಂಡದವರಲ್ಲೂ ಒಬ್ಬಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದನ್ನು ನೋಡಿದೆ.

ಇದನ್ನು ನಾನು ನಿನಗೆ ಹೇಳಲಿಲ್ಲ. ಫೈನಲ್ಲು ಚಿಕ್ಕೋಡಿಯಲ್ಲಿ ಎಂದು ಗೊತ್ತಾದಾಗ, ನಿಮ್ಮ ಹಿಂಡು ಅಲ್ಲೇ ಕಬ್ಬೂರಿನ ಹೊಲದಲ್ಲಿ ಇಳಿದಿದೆ ಎಂದು ಅಣ್ಣ ಬಸವಂತ ಹೇಳಿದಾಗ, ನೀನು ಬಾರದಿದ್ದರೆ ಸಾಕು ಎಂದುಕೊಂಡೆ. ಆಟದ ದಿನ ಬೆಳಿಗ್ಗೆ ನೀನೇ ಫೋನ್ ಮಾಡಿ "ಇವತ್ತ ಬರಾಕ ಆಗಂಗಿಲ್ಲವಾ, ಒಂದು ಕುರಿ ಈಯಾಕ ಬಂದೈತಿ" ಎಂದೆ. ನಾನು ಬಾಯಲ್ಲಿ "ಅಯ್ಯ" ಎಂದೆ. ಮನಸ್ಸಿನಲ್ಲಿ ಆ ಕುರಿಗೆ ಕೈ ಮುಗಿದೆ.

ಹೊಂಬೆಳಗಿನ ಅಂಗಳ ನಿನಗೆ ನೆನಪಿದೆ. ಒಂದು ತುದಿಯಲ್ಲಿ ದೊಡ್ಡ ಬೇವಿನ ಮರ, ಅದರ ಕೆಳಗೆ ನೀಲಿ ಅಂಗಿಯ ಅವರ ಜನ. ಇನ್ನೊಂದು ತುದಿಯ ಬಿಸಿಲಲ್ಲಿ ಕೆಂಪು ಅಂಗಿಯ ನಮ್ಮವರು. ಸುತ್ತಲೂ ಹಗ್ಗ, ಮೂಲೆಗಳಲ್ಲಿ ಪೊಲೀಸರು. ಆಟಕ್ಕೆ ಮುಂಚೆ ರೆಫರಿ ಮೈಕಿನಲ್ಲಿ ಹೇಳಿದರು: ಯಾವ ಕಾಲೇಜಿನ ಬೆಂಬಲಿಗರು ತಮ್ಮ ಹಗ್ಗ ದಾಟಿ ಬರುತ್ತಾರೋ ಆ ಕಾಲೇಜು ಸೋತಂತೆ, ಮುಂದಿನ ವರ್ಷ ಅದಕ್ಕೆ ಆಟವೂ ಇಲ್ಲ. ಎರಡೂ ಕಡೆ "ಹೋ" ಎಂದು ಕೂಗಿದರು. ಒಪ್ಪಿಕೊಂಡ ಕೂಗೋ, ಸವಾಲಿನ ಕೂಗೋ ಹೇಳುವುದು ಕಷ್ಟವಾಗಿತ್ತು. ಮೇಜಿನ ಹಿಂದೆ ವಿಭಾಗದ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವವರು ಕುಳಿತಿದ್ದರು. ನನಗಿದು ಕಾಲೇಜಿನ ಕೊನೆಯ ವರ್ಷ ಅವ್ವಾ. ಇಲ್ಲಿ ತಪ್ಪಿದರೆ ಮತ್ತೆಲ್ಲಿ?

ಮೊದಲ ಅರ್ಧದಲ್ಲಿ ಬೇವಿನ ಮರ ನನ್ನ ಬೆನ್ನಿಗಿತ್ತು. ಮೊದಲ ರೈಡಿಗೆ ಎದ್ದಾಗ ಬೆನ್ನ ಹಿಂದಿನಿಂದ ಬಂತು ಆ ಕೂಗು. ನಿಪ್ಪಾಣಿಯಲ್ಲಿ ಏಳೆಂಟು ಗಂಟಲು. ಇಲ್ಲಿ ಇಡೀ ಮರವೇ ಕೂಗಿದಂತಿತ್ತು. ನಾನು ಹಲ್ಲು ಕಚ್ಚಿ ಹೋದೆ, ಒಬ್ಬಳನ್ನು ಮುಟ್ಟಿ ಹೊರಳಿದೆ. ಹೊರಳಿದಾಗ ನೀನು ಕಂಡೆ. ಬರುವುದಿಲ್ಲ ಎಂದವಳು; ಕುರಿ ಬೇಗ ಈದಿರಬೇಕು.

ನೀಲಿ ಅಂಗಿಗಳ ನಟ್ಟನಡುವೆ ಹೆಗಲಿಗೆ ಕರಿ ಕಂಬಳಿ ಹಾಕಿಕೊಂಡು, ತೊಡೆಯ ಮೇಲೆ ಗಂಟು ಇಟ್ಟುಕೊಂಡು ಕುಳಿತಿದ್ದೆ. ನಿನ್ನ ಹಿಂದಿನ ಸಾಲಿನ ಹುಡುಗ ಎರಡೂ ಕೈಯನ್ನು ಬಾಯಿಗೆ ಹಿಡಿದು ಕುರಿಯಾಗಿ ಕೂಗುತ್ತಿದ್ದ. ನೀನು ನನ್ನನ್ನೇ ನೋಡುತ್ತಿದ್ದೆ.

ಗೆರೆ ದಾಟಿ ಮರಳಿದೆ, ಕಣ್ಣು ಮಾತ್ರ ನಿನ್ನ ಮೇಲೇ ಉಳಿಯಿತು. ನೀನು ಬಂದದ್ದಕ್ಕೆ ನಾಚಿಕೆಯಾಯಿತೇ ಎಂದು ನಿನ್ನ ಮನಸ್ಸಿನಲ್ಲಿ ಎಲ್ಲಾದರೂ ಒಂದು ಮುಳ್ಳು ಇದ್ದರೆ, ಅದನ್ನು ಈ ಪತ್ರದಿಂದ ತೆಗೆದುಹಾಕು. ನಾಚಿಕೆಯಲ್ಲ, ಭಯ. ನನ್ನನ್ನು ಯಾರಾದರೂ ಏನಾದರೂ ಅನ್ನಲಿ, ಒರೆಸಿಕೊಂಡು ಆಡುತ್ತೇನೆ. ನಿನ್ನ ಕಿವಿಗೆ ಬೀಳುವಂತೆ ಅನ್ನಬಾರದಾಗಿತ್ತು. ನೀನು ಎದ್ದು ಏನಾದರೂ ಅಂದರೆ? ನೀನು ಯಾರೆಂದು ಆ ಹುಡುಗರಿಗೆ ತಿಳಿದರೆ? ಆಮೇಲೆ ಕೂಗುವುದು ನನಗಲ್ಲ, ನಿನಗೆ. ಈ ಯೋಚನೆಯಲ್ಲೇ ಮುಂದಿನ ಎರಡು ರೈಡುಗಳಲ್ಲಿ ಸಿಕ್ಕಿಬಿದ್ದೆ. ಎರಡು ಸಲವೂ ಹಿಡಿದದ್ದು ಸೋನಾಲಿ. ಅವಳ ಹಿಡಿತ ಕಬ್ಬಿನ ಗಾಣದಂತೆ. ಒಮ್ಮೆ ಸಿಕ್ಕರೆ ಹಿಂಡಿಯೇ ಬಿಡುವುದು. ನಮ್ಮ ತರಬೇತಿಯ ಬ್ರಾಹ್ಮಿ ಮೇಡಂ ರೇಗಿದರು: "ಎಲ್ಲಿ ನೋಡಾಕತ್ತೀಯ ನೀನು? ಗೆರೆ ನೋಡು, ಗೆರೆ!"

ಅರ್ಧ ಆಟ ಮುಗಿದಾಗ ನಾವು ಐದು ಅಂಕ ಹಿಂದಿದ್ದೆವು. ನೀರು ಕುಡಿಯಲು ನಮ್ಮ ಕಡೆಯ ಹಗ್ಗದ ಹತ್ತಿರ ಹೋದೆ. ಮಾಳೇಶ ಹಗ್ಗಕ್ಕೆ ಹೊಟ್ಟೆಯೊತ್ತಿ ನಿಂತಿದ್ದ. ಅವನ ಕಣ್ಣುಗಳು ಕೆಂಪಾಗಿದ್ದವು.

"ಗಂಗಾ, ಅಲ್ಲಿ ನಮ್ಮ ಅತ್ತಿ ಕುಂತಾಳಲ್ಲ?"

"ಹೌದು. ಅದು ಅವರ ಕಡೆ ಅಂತ ಗೊತ್ತಿಲ್ಲ, ನೆರಳಿಗಂತ ಕುಂತಾಳ. ಸುಮ್ನಿರು."

"ಸುಮ್ನಿರೂದಾ? ಅಕಿನ್ನ ನಡುವ ಕುಂಡ್ರಿಸ್ಕೊಂಡು ಚ್ಯಾಷ್ಟಿ ಮಾಡಾಕತ್ತಾರ. ನಾವ ಹೋಗಿ ಕರಕೊಂಡ ಬರ್ತೀವಿ."

"ಹಗ್ಗ ದಾಟಿದ್ರ ಆಟ ಹೋತು, ಮಾಳೇಶ."

"ಹೋದ್ರ ಹೋಗಲಿ. ಅತ್ತಿಕಿಂತಾ ಕಪ್ ದೊಡ್ಡದೇನ?"

ಅವ್ವಾ, ಅಷ್ಟರಲ್ಲೇ ಸೀಟಿ ಊದಿದರು, ಹೋದೆ.

ನೀನು ಅಲ್ಲಿ ಕುಳಿತಿದ್ದಾಗ ಆಚೆ ಏನಾಯಿತೆಂಬುದು ನನಗೆ ತಿಳಿದದ್ದು ಆಮೇಲೆ. ನಿನ್ನ ಪಕ್ಕದಲ್ಲಿ ಕುಳಿತು ನಿನಗೆ ನೀರಿನ ಬಾಟಲಿ ಕೊಟ್ಟಳಲ್ಲ ಪ್ರಾಜಕ್ತಾ, ಅವಳೇ ಹೇಳಿದಳು. ಅವಳಿಗೆ ನೀನು ಯಾರೆಂದು ಗೊತ್ತಿರಲಿಲ್ಲ. ಊರ ಯಾವುದೋ ಹಿರಿಯಳು ಆಟ ನೋಡಲು ಬಂದಿದ್ದಾಳೆ ಎಂದುಕೊಂಡಿದ್ದಳು. ನೀನು ಕೇಳಿದೆಯಂತೆ: "ಯಾಕವಾ ಹಿಂಗ ಒದರ್ತಾರ ಇವರು?" ಅವಳಿಗೆ ನಿನ್ನ ಕಂಬಳಿ ನೋಡಿ ನಿಜ ಹೇಳಲು ನಾಲಿಗೆ ಬರಲಿಲ್ಲ. "ಅದು ನಮ್ಮ ಕಾಲೇಜಿನ ಘೋಷಣೆ ರೀ" ಎಂದಳಂತೆ. ನೀನು ಇನ್ನೆರಡು ರೈಡು ನೋಡಿದೆ. ಆಮೇಲೆ ಮೆಲ್ಲಗೆ, "ಸುಳ್ಳ ಹೇಳಬ್ಯಾಡ ತಂಗಿ. ನನ್ನ ಮಗಳು ಎದ್ದಾಗಷ್ಟ ಒದರ್ತಾರ" ಎಂದೆಯಂತೆ.

ಪ್ರಾಜಕ್ತಾಳಿಗೆ ಭೂಮಿ ಬಿರಿದಂತಾಯಿತು. ಅವಳು ಎದ್ದು ಹಲಗಿ ಬಾರಿಸುತ್ತಿದ್ದ ಕುನಾಲನ ಹತ್ತಿರ ಹೋದಳು. ನೀಲಿಯವರಿಗೆ ಅವನೇ ಮುಂದಾಳು, ನಮಗೆ ಮಾಳೇಶನಿದ್ದ ಹಾಗೆ. ಕಿವಿಯಲ್ಲಿ ಹೇಳಿದಳು. ಕುನಾಲ ತಿರುಗಿ ನಿನ್ನನ್ನು ನೋಡಿದ. ಎದ್ದು ಹಿಂದಿನ ಸಾಲಿಗೆ "ಏ ಸಾಕ್ ಮಾಡ್ರಿ" ಎಂದ. ಮುಂದಿನ ಎರಡು ಸಾಲು ಕೇಳಿದವು. ಹಿಂದಿನವರು ಕೇಳಲಿಲ್ಲ. "ಅವರು ಸೋನಾಲಿಗೆ ಟ್ರ್ಯಾಕ್ಟರ್ ಅನ್ನೂದ ನಿಲ್ಲಿಸ್ಯಾರೇನ? ಬಸ್ಸಿನ ಗಾಜ ಯಾರ ಒಡದ್ರು?" ಎಂದು ಅವನ ಮೇಲೆಯೇ ಏರಿಬಂದರು. ಅವನ ಬಳಿ ಬೇರೆ ದಾರಿ ಇರಲಿಲ್ಲ. ಹೋಗಿ ಹಲಗಿಯ ಮುಂದೆ ಕುಳಿತ. ನಾನು ರೈಡಿಗೆ ಎದ್ದಾಗಲೆಲ್ಲ, ಹಿಂದಿನವರ ಗಂಟಲು ಮುಳುಗಿಹೋಗುವ ಹಾಗೆ ಬಾರಿಸತೊಡಗಿದ.

ಅಂಗಳದಲ್ಲಿದ್ದ ನನಗೆ ಇದೊಂದೂ ಗೊತ್ತಿಲ್ಲ. ಈಗ ಬೇವಿನ ಮರ ನನ್ನ ಎದುರಿಗೆ ಬಂದಿತ್ತು. ಹಲಗಿಯ ಸದ್ದು ಎದೆಗೆ ಬಡಿಯುತ್ತಿತ್ತು. ಆ ಸದ್ದು ನನ್ನನ್ನು ಸೋಲಿಸಲೆಂದೇ ಇದ್ದದ್ದು, ಆದರೆ ಅದರಲ್ಲಿ ಅಣಕ ಇರಲಿಲ್ಲ. ಯಾಕೋ ಉಸಿರು ಸರಿಹೋಯಿತು. ಒಂದು ಅಂಕ ತಂದೆ, ಮತ್ತೆ ಎರಡು ತಂದೆ. ನಮ್ಮ ಕಡೆ ಕೂಗು ಎದ್ದಿತು. ಅಂತರ ಎರಡಕ್ಕೆ ಇಳಿಯಿತು.

ಆಗಲೇ ಹಲಗಿಯ ಮಧ್ಯೆ ಒಂದು ಬಿಡುವು ಸಿಕ್ಕಿ ಹಿಂದಿನ ಸಾಲಿನ ಒಬ್ಬ ಎದ್ದು ನಿಂತು, ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದ. ಅವನ ಕೈ ನಿನ್ನ ಕಂಬಳಿಯ ಕಡೆ ಚಾಚಿತ್ತು.

"ಕುರುಬರ ಮುದುಕಿನೂ ಬಂದಾಳ ನೋಡ್ರೋ, ಹಿಂಡ ಹೊಡಕೊಂಡ ಹೋಗಾಕ!"

ನಾನು ತಿರುಗುವಷ್ಟರಲ್ಲಿ ನಮ್ಮ ಕಡೆಯ ಇಡೀ ಸಾಲು ಎದ್ದಿತ್ತು. ಮಾಳೇಶ ಬಾವುಟ ಕಿತ್ತೆಸೆದು ಬರೀ ಕೋಲು ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಹಗ್ಗ ತಗ್ಗಿಸಿ ಹಿಡಿದಿದ್ದ. ಅವನ ಹಿಂದೆ ಹುಡುಗರು ಬಗ್ಗಿ ನೆಲದಲ್ಲಿ ಏನನ್ನೋ ಹುಡುಕುತ್ತಿದ್ದರು. ಏನೆಂದು ನನಗೆ ಗೊತ್ತಿತ್ತು, ಹೋದ ವರ್ಷವೂ ಹೀಗೇ ಬಗ್ಗಿದ್ದರು. ಬೇವಿನ ಕೆಳಗೂ ಎದ್ದರು. ರೆಫರಿ ಆಟ ನಿಲ್ಲಿಸಿ ನಮ್ಮ ಹಗ್ಗದ ಕಡೆ ನಡೆದರು. ಪೊಲೀಸರು ಲಾಠಿ ಕೈಗೆ ತೆಗೆದುಕೊಂಡರು. ಸೋನಾಲಿ ನನ್ನ ಪಕ್ಕದಲ್ಲೇ ನಿಂತಿದ್ದಳು. "ಮುಗೀತು" ಎಂದಳು, ನನಗೋ ತನಗೋ.

ಆಗ ನೀನು ಎದ್ದೆ.

ನೀನು ನಡೆದುಬಂದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವಸರ ಇರಲಿಲ್ಲ. ಹಿಂಡು ಬೆದರಿದಾಗ ನೀನು ಓಡುವುದಿಲ್ಲವಲ್ಲ, ಹಾಗೆಯೇ. ಅಂಗಳದ ಬದಿಯಿಂದ, ಮೇಜಿನ ಹಿಂದಿನಿಂದ ಹಾದು ಬಂದೆ. ಯಾರೂ ನಿನ್ನನ್ನು ತಡೆಯಲಿಲ್ಲ. ನೀನು ಯಾವ ಕಾಲೇಜಿನವಳೂ ಅಲ್ಲವೆಂದು ಪೊಲೀಸರಿಗೂ ಅನ್ನಿಸಿರಬೇಕು. ಮಾಳೇಶನ ಮುಂದೆ ಬಂದು ನಿಂತೆ. ಆಗಷ್ಟೇ ಅವನು ಹಗ್ಗ ದಾಟಲು ಒಂದು ಕಾಲೆತ್ತಿದ್ದ.

"ಮಾಳ್ಯಾ, ಕಾಲ ಹಿಂದಕ್ಕ ತಗಿ."

"ಅತ್ತೀ, ಅವ ನಿನಗ ಏನಂದಾ ಕೇಳಿದಿಲ್ಲೋ?"

"ನನಗೂ ಕಿವಿ ಅದಾವ. ಅಂದವ್ನ ಬಾಯಿ ಅವ್ನ ಹತ್ರ ಇರ್ಲಿ. ನನ್ನ ಮಗಳು ಇನ್ನಾ ಆಡಾಕತ್ತಾಳ. ನೀ ಈ ಕಾಲ ಕೆಳಗಿಟ್ಟಿ ಅಂದ್ರ, ಅಕಿ ಆಟ ಅವ್ರಲ್ಲ, ನೀನ ಕೊಂದಂಗ."

ಅವನು ಅಳುತ್ತಿದ್ದ ಅವ್ವಾ. ಸಿಟ್ಟಿಗೆ ಅಳುವವನನ್ನು ನಾನು ಅಂದೇ ನೋಡಿದ್ದು. ಆ ಕಾಲು ಎಷ್ಟು ಹೊತ್ತು ಹಾಗೇ ಇತ್ತೋ. ಆಮೇಲೆ ಹಿಂದಕ್ಕೆ ಹೋಯಿತು. ಕೋಲು ಕೆಳಗೆ ಬಿತ್ತು. ಬಗ್ಗಿದ್ದ ಹುಡುಗರು ಖಾಲಿ ಕೈಯಲ್ಲಿ ಎದ್ದರು.

"ಹಂಗಾದ್ರ ನೀ ಇಲ್ಲೇ ನಮ್ಮ ಕಡೆ ಕುಂಡ್ರು" ಎಂದ.

"ನನ್ನ ಗಂಟು ಅಲ್ಲೇ ಬಿಟ್ಟೇನಿ. ಆ ಹುಡುಗಿ ಕಾಯಾಕತ್ತಾಳ" ಎಂದೆ ನೀನು. ಬಂದ ದಾರಿಯಲ್ಲೇ ತಿರುಗಿ ನಡೆದೆ.

ನಿನ್ನನ್ನು ಮುದುಕಿ ಎಂದವನು ನಿಂತಿದ್ದ ಸಾಲಿನ ಮುಂದೆಯೇ ಹಾದು, ನೀನು ನಿನ್ನ ಜಾಗದಲ್ಲಿ ಹೋಗಿ ಕುಳಿತೆ. ಪ್ರಾಜಕ್ತಾ ನಿನ್ನ ಕೈ ಹಿಡಿದುಕೊಂಡಳು. ಆ ಹುಡುಗ ಮೊದಲು ಕುಳಿತ, ಆಮೇಲೆ ಎದ್ದು ಗುಂಪಿನಿಂದ ಹೊರಗೆ ಹೋದನಂತೆ. ಅವನ ಹೆಸರು ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ರೆಫರಿ ಮೇಜಿನ ಕಡೆ ನೋಡಿದರು, ಯಾರೂ ಹಗ್ಗ ದಾಟಿಲ್ಲ ಎಂದರು. ಸೀಟಿ ಊದಿದರು.

ಕೊನೆಯ ರೈಡು ನನ್ನದಾಯಿತು. ನಾವು ಒಂದು ಅಂಕ ಹಿಂದೆ. ನಾನು ಗೆರೆ ದಾಟಿ ಹೋದೆ. ಹಲಗಿ ಬಡಿಯುತ್ತಿತ್ತು, ಇನ್ನೊಂದು ಸದ್ದಿಲ್ಲ. ಮೂಲೆಯವಳ ಭುಜ ಮುಟ್ಟಿದೆ. ತಿರುಗುತ್ತ ಸೋನಾಲಿಯ ಮೊಣಕೈ ಮುಟ್ಟಿದೆ. ಇಬ್ಬರೂ ಔಟು, ಗೆರೆ ತಲುಪಿದರೆ ಗೆಲುವು. ಹಾರಿದೆ. ಆಗ ನನ್ನ ಕಾಲಿನ ಹರಡು ಹಿಡಿದಳು ಸೋನಾಲಿ. ನೆಲಕ್ಕೆ ಬಿದ್ದೆ, ಕೈ ಚಾಚಿದೆ, ಮೈಯಲ್ಲಿದ್ದ ಎಲ್ಲ ಎಲುಬುಗಳನ್ನೂ ಚಾಚಿದೆ. ನನ್ನ ಮೇಲೆ ಇನ್ನೂ ಮೂವರು ಬಿದ್ದರು. ಸೀಟಿ.

ಅಷ್ಟು ಮೈಗಳ ಕೆಳಗೆ ನನ್ನ ಕೈ ಎಲ್ಲಿತ್ತೆಂದು ಬದಿಯ ಅಂಪೈರಿಗೆ ಕಾಣಲಿಲ್ಲ. ಅವರು ರೆಫರಿಯ ಜೊತೆ ಮಾತಾಡಿದರು, ರೆಫರಿ ಔಟ್ ಕೊಟ್ಟರು. ಬೇವಿನ ಮರ ಸಿಡಿದಂತೆ ಕೇಕೆ ಎದ್ದಿತು. ನಮ್ಮ ಕಡೆಯಿಂದ ಇನ್ನೊಂದು ಕೂಗು: "ಮುಟ್ಟೈತಿ! ಮುಟ್ಟೈತಿ! ಮೋಸ!" ಮತ್ತೆ ಎಲ್ಲರೂ ಹಗ್ಗಕ್ಕೆ ಒತ್ತಿಬಂದರು. ಮೊಬೈಲು ಎತ್ತಿ ಹಿಡಿದರು. ಮಾಳೇಶ ಎಲ್ಲರಿಗಿಂತ ಮುಂದೆ.

"ಗಂಗಾ, ನೀ ಹೇಳ! ನೀ ಮುಟ್ಟಿದಿ ಅಂದ್ರ ಸಾಕು, ನಾವ ನೋಡ್ಕೋತೀವಿ. ಮುಟ್ಟಿದಿ ಹೌದಲ್ಲೋ?"

ರೆಫರಿ ನನ್ನನ್ನು ಕೇಳಿರಲಿಲ್ಲ, ಕೇಳಿದ್ದು ನನ್ನವರು. ನಾನು ಬಾಯಿ ತೆರೆಯದೆ ಸುಮ್ಮನೆ ಅತ್ತರೂ ಸಾಕಿತ್ತು, ಅಂದು ಚಿಕ್ಕೋಡಿಯಲ್ಲಿ ನೆತ್ತರು ಹರಿಯುತ್ತಿತ್ತು. ನನ್ನ ಬೆರಳ ತುದಿಗೂ ಗೆರೆಗೂ ನಡುವೆ ಮಣ್ಣು ಇತ್ತು ಅವ್ವಾ. ಎರಡು ಬೆರಳಗಲದ ಮಣ್ಣು. ಮುಖ ನೆಲಕ್ಕೊತ್ತಿ ಬಿದ್ದಿದ್ದಾಗ ನಾನು ನೋಡಿದ್ದು ಅದನ್ನೇ.

"ಇಲ್ಲ ಮಾಳೇಶ. ಮುಟ್ಟಿಲ್ಲ. ಸೋನಾಲಿ ಹಿಡದಾಳ. ಅವರು ಗೆದ್ದಾರ."

ಹಗ್ಗದ ಆಚೆ ಎತ್ತಿ ಹಿಡಿದಿದ್ದ ಮೊಬೈಲುಗಳು ಕೆಳಗಿಳಿದವು. ಯಾರೋ ಒಬ್ಬ ಹಿಂದಿನಿಂದ "ಕಾಲೇಜಿನ ಮಾನ ಕಳದಿ" ಎಂದ. ಇವತ್ತಿಗೂ ನಮ್ಮ ಕಾಲೇಜಿನಲ್ಲಿ ಕೆಲವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಮಾಳೇಶ ಅಂದು ಬಾವುಟ ಮಡಚಿಕೊಂಡು ಹುಡುಗರನ್ನು ಟೆಂಪೊ ಹತ್ತಿಸಿದ. ಹೋಗುವಾಗ ಒಬ್ಬರೂ ಬಗ್ಗಲಿಲ್ಲ, ಅಷ್ಟು ಸಾಕಿತ್ತು.

ಆಮೇಲಿನದು ನಿನಗೆ ಗೊತ್ತು. ನೀನು ಗಂಟು ಬಿಚ್ಚಿ ನನಗೆ ರೊಟ್ಟಿ ಕೊಟ್ಟೆ, ನಾನು ಅಳುತ್ತ ತಿಂದೆ. ಸೋನಾಲಿ ಕೈ ಕುಲುಕಲು ಬಂದಳು, ಅವಳ ಮೊಣಕೈಗಳ ತೊಗಲು ಕಿತ್ತಿತ್ತು. ನೀನು ಅವಳ ಮುಖ ಸವರಿ ನೆಟಿಗೆ ಮುರಿದು, "ನನ್ನ ಮಗಳ ಕಾಲ ಭಾಳ ಗಟ್ಟಿ ಹಿಡದಿ ನೋಡವಾ" ಎಂದು ನಕ್ಕೆ. ಆ ದೊಡ್ಡ ಹುಡುಗಿ ಗೆದ್ದ ಕಪ್ಪನ್ನು ಕಂಕುಳಲ್ಲಿ ಹಿಡಿದುಕೊಂಡೇ ಗೊಳೋ ಎಂದು ಅತ್ತಳು. ಅವಳನ್ನು ಟ್ರ್ಯಾಕ್ಟರ್ ಎಂದು ಕೂಗುವಾಗ ನಮ್ಮವರು ಯಾರೂ ಅವಳ ಮುಖ ನೋಡಿರಲಿಲ್ಲವೆಂದು ನನಗೆ ಆಗ ಅನ್ನಿಸಿತು. ಕುನಾಲ ಹಲಗಿಯನ್ನು ಬೆನ್ನಿಗೆ ಹಾಕಿಕೊಂಡು ದೂರದಲ್ಲೇ ನಿಂತಿದ್ದ. ಹತ್ತಿರ ಬರುವ ಧೈರ್ಯ ಆಗಲಿಲ್ಲ ಅವನಿಗೆ. ನೀನು ಕಬ್ಬೂರಿನ ಬಸ್ಸು ಹತ್ತುವಾಗ ಮಾತ್ರ ಓಡಿಬಂದು ಬಾಗಿಲ ಹತ್ತಿರದ ಸೀಟು ಹಿಡಿದುಕೊಟ್ಟ.

ಮೂರು ವಾರ ಮಾತು ಬಿಟ್ಟಿದ್ದ ಮಾಳೇಶ ಮೊನ್ನೆ ನಮ್ಮ ಅಭ್ಯಾಸ ನೋಡಲು ಬಂದ. ಹುಡುಗರನ್ನೆಲ್ಲ ಕೂಡಿಸಿ, "ಇನ್ನ ಯಾರಾದ್ರೂ ಟ್ರ್ಯಾಕ್ಟರ್ ಅಂದ್ರ ನನ್ನ ಹಿಂದ ಬರಬ್ಯಾಡ್ರಿ" ಎಂದ. ಅಷ್ಟೇ, ಭಾಷಣ ಇಲ್ಲ. ಇಬ್ಬರು ಎದ್ದು ಹೋದರು. ಉಳಿದವರು ಕುಳಿತರು.

ವಿಭಾಗದ ತಂಡದ ಹೆಸರುಗಳು ಬಂದಿವೆ ಅವ್ವಾ. ನನ್ನದಿದೆ, ಸೋನಾಲಿಯದೂ ಇದೆ. ಬರುವ ರವಿವಾರ ಅಥಣಿಯಲ್ಲಿ ಮೊದಲ ಆಟ. ಎರಡೂ ಕಾಲೇಜಿನವರು ನೋಡಲು ಬರುತ್ತಾರಂತೆ, ಆದರೆ ಬೇರೆ ಬೇರೆ ಟೆಂಪೊದಲ್ಲಿ. "ಆ ಕುನಾಲನ ಸಂಗಾಟ ಒಂದ ಗಾಡ್ಯಾಗ? ಆಗಂಗಿಲ್ಲ" ಎನ್ನುತ್ತಾನೆ ಮಾಳೇಶ. ಇರಲಿ, ಆಗುವಷ್ಟು ಆಯಿತು.

ನಿನ್ನೆ ಪ್ರಾಜಕ್ತಾ ಫೋನ್ ಮಾಡಿದ್ದಳು, ನಿನ್ನನ್ನು ಕೇಳಿದಳು. ಆಗ ಒಂದು ಮಾತು ಹೇಳಿದಳು, ಅದನ್ನು ಕೇಳಿದ ಮೇಲೆಯೇ ನಾನು ಪೆನ್ನು ಹಿಡಿದದ್ದು. ಮಾಳೇಶನನ್ನು ತಡೆದು ನೀನು ವಾಪಸು ಬಂದು ಕುಳಿತಾಗ ಅವಳು ನಿನ್ನನ್ನು ಕೇಳಿದ್ದಳಂತೆ: "ಅಷ್ಟೆಲ್ಲ ಅಂದ್ರೂ ಇಲ್ಲಿಗೇ ಯಾಕ ಬಂದ್ರಿ? ಗಂಟು ನಾನ ತಂದು ಕೊಡ್ತಿದ್ನಲ್ಲ." ನೀನು ಅಂಗಳದಿಂದ ಕಣ್ಣು ತೆಗೆಯದೆ ಹೇಳಿದೆಯಂತೆ:

"ಅಲ್ಲಿ ಕುಂತರ ಅಕಿ ಬೆನ್ನ ಕಾಣತೈತಿ. ಇಲ್ಲಿಂದ ನನ್ನ ಮಗಳ ಮಾರಿ ಕಾಣತೈತಿ."

ಈ ಮಾತಿನ ಮುಂದೆ ನಾನು ಹೇಳಬೇಕೆಂದಿದ್ದ ಉಳಿದ ಮಾತೆಲ್ಲ ಸಣ್ಣದಾಯಿತು ಅವ್ವಾ. ವೈನಿ ಓದಿ ಮುಗಿಸಿದ ಮೇಲೆ ಕುರಿ ಕಬ್ಬಿಗೆ ಹೊಕ್ಕರೆ ಹೊಗಲಿ, ಒಂದು ಗಳಿಗೆ ಸುಮ್ಮನೆ ಕುಳಿತುಕೋ. ನಿನ್ನ ಹಿಂಡು ತಂಪಾಗಿರಲಿ, ಬೀರಪ್ಪ ನಿನ್ನ ಕಾಲಿಗೆ ಮುಳ್ಳು ತಾಗದಂತೆ ಕಾಯಲಿ. ರವಿವಾರ ಅಂಗಳದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುವಾಗ ನಿನ್ನ ಪಾದ ಮುಟ್ಟಿದೆನೆಂದೇ ತಿಳಿದು ಹರಸು.

ನಿನ್ನ ಮಗಳು,
ಗಂಗಾ